ಅಶ್ಲೀಲವೆಂಬುದು ಯಾವುದು?
(ಜಪಾನೀ ಚಲಚ್ಚಿತ್ರಕಾರ ನಾಗಿಸಾ ಓಶಿಮಾ ಅವರ ಕೃತಿಗಳನ್ನು ಕುರಿತು)

ಕಲಾವಿದನೊಬ್ಬನು ನಾಲ್ವತ್ತು ವರ್ಷ ದುಡಿದು ಇಪ್ಪತ್ತಕ್ಕೂ ಮಿಗಿಲಾದ ಕೃತಿಗಳನ್ನು ರಚಿಸಿದ್ದರೆ, ಅವುಗಳಲ್ಲಿ ಹೆಚ್ಚು ಗದ್ದಲವನ್ನೆಬ್ಬಿಸಿದ ಒಂದನ್ನು ಮಾತ್ರ ಎತ್ತಿಕೊಂಡು, ಉಳಿದವನ್ನು ಕಣ್ಣೆತ್ತಿಯೂ ನೋಡದೆ, ಅವನನ್ನು ಹೊಗಳಿಯೋ ತೆಗಳಿಯೋ ಕೈತೊಳೆದುಕೊಳ್ಳುವುದು ನಮ್ಮ ವಿದ್ಯಾವಂತರಲ್ಲಿ ಒಂದು ಪದ್ಧತಿಯಾಗಿಹೋಗಿದೆ. ಇದಕ್ಕೆ ಸ್ಥಾಲೀಪುಲಾಕನ್ಯಾಯವೆಂದು ಸಮರ್ಥನೆಯನ್ನು ಕೊಡುವವರೂ ಉಂಟು. ಒಂದು ಅಗುಳನ್ನು ಹಿಸುಕಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವುದು ಸರಿಯೆ. ಆದರೆ ಆ ನ್ಯಾಯವು ಸಲ್ಲುವುದು ಒಂದೇ ಒಲೆಯ ಮೇಲೆ ಒಂದೇ ನೀರಿನಲ್ಲಿ ಬೆಂದ ಅಕ್ಕಿಗೆ. ಕಾಲಕಾಲಕ್ಕೆ ಬೇರೆ ಬೇರೆ ಪ್ರಶ್ನೆಗಳನ್ನೆತ್ತಿ ಬೇರೆ ಬೇರೆ ರೀತಿಗಳಲ್ಲಿ ಉತ್ತರವನ್ನು ಹುಡುಕಿದ ಮನುಷ್ಯನ ಜೀವಿತಕಾರ್ಯಕ್ಕೆ ಅದು ಸಲ್ಲದು.

ಈ ಅನ್ಯಾಯಕ್ಕೆ ಗುರಿಯಾದವರಲ್ಲಿ ಜಪಾನಿನ ನಾಗಿಸಾ ಓಶಿಮಾ ಅವರು ಮುಖ್ಯರು. ಇವರು 1932ರಲ್ಲಿ ಜನಿಸಿ 2013ರಲ್ಲಿ ತೀರಿಕೊಂಡರು. ಇವರ ಹೆಸರನ್ನೆತ್ತಿದೊಡನೆಯೆ ಒಂದು ಪಕ್ಷದವರು ಮೂಗು ಮುರಿಯುತ್ತಾರೆ. ಇನ್ನೊಂದು ಪಕ್ಷದವರು ಕಣ್ಣರಳಿಸುತ್ತಾರೆ. ಮೊದಲನೆಯವರ ಮತದಲ್ಲಿ ಇವರು ಅಶ್ಲೀಲಚಿತ್ರಗಳ ಕರ್ತರು. ಗೃಹಸ್ಥರು ಇವರ ಹೆಸರನ್ನೂ ಆಡಬಾರದು. ಎರಡನೆಯವರ ಮತದಲ್ಲಿ ಇವರು ಕಟ್ಟುಗಳನ್ನೆಲ್ಲ ಹರಿದೊಗೆದ ವೀರರು. ಸಮಾಜವನ್ನು ಕೆರಳಿಸುವುದೇ ಇವರ ಕಲೆ. ಎರಡು ಪಕ್ಷಗಳಿಗೂ ಆಧಾರವು 1976ರ ಒಂದೇ ಚಿತ್ರ. ಜಗಳವಾಡುವ ಈ ಇಬ್ಬರೂ ತಮಗರಿವಿಲ್ಲದೆಯೆ ಒಂದೇ ಕೆಲಸವನ್ನು ಮಾಡುತ್ತಿರುವರೆಂಬುದು ನನ್ನ ವಾದ. ಓಶಿಮಾ ಅವರು ತಮ್ಮ ದೇಶದ ಪ್ರಭುತ್ವವನ್ನೂ ಪ್ರಜೆಗಳನ್ನೂ ಕೇಳಿದ ಪ್ರಶ್ನೆಗಳು ಕಿವಿಗೆ ಬೀಳದಂತೆ ಇವರಿಬ್ಬರೂ ಕೂಡಿ ಡೋಲು ಬಾರಿಸುತ್ತಿದ್ದಾರೆ.

ಮೊದಲು ಚರಿತ್ರೆಯನ್ನು ನೋಡೋಣ. ಓಶಿಮಾ ಅವರು ಬೆಳೆದುದು ಕ್ಯೋತೋ ನಗರದಲ್ಲಿ. ಆರನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಧರ್ಮಶಾಸ್ತ್ರವನ್ನು, ಎಂದರೆ ಇಂದಿನವರು ಹೇಳುವ ಕಾನೂನನ್ನು, ಓದಿ, ವಿದ್ಯಾರ್ಥಿ ಚಳವಳಿಯಲ್ಲಿ ಮುಂದಾಳಾಗಿದ್ದು, 1954ರಲ್ಲಿ ಶೋಚಿಕು ಎಂಬ ದೊಡ್ಡ ಚಿತ್ರಸಂಸ್ಥೆಯನ್ನು ಸಹಾಯಕ ನಿರ್ದೇಶಕರಾಗಿ ಸೇರಿದರು. ನ್ಯಾಯಶಾಸ್ತ್ರದ ವಿದ್ಯಾರ್ಥಿಯೆಂಬ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇವರ ಒಳ್ಳೆಯ ಚಿತ್ರಗಳೆಲ್ಲ ಒಂದಲ್ಲ ಒಂದು ವಿಧದಲ್ಲಿ ವಿಚಾರಣೆಗಳೇ ಆಗಿವೆ.

1959ರಲ್ಲಿ ತೆರೆಗೆ ಬಂದ ಮೊದಲ ಚಿತ್ರದ ಕಥೆ ಹೀಗಿದೆ. ಬಡ ಹುಡುಗನೊಬ್ಬನು ತನ್ನ ಪಾರಿವಾಳಗಳನ್ನು ಬೀದಿಯಲ್ಲಿ ಮಾರುತ್ತಾನೆ. ಸಾಕಿದ ಗೂಡಿಗೆ ಹಿಂದಿರುಗುವುದು ಪಾರಿವಾಳದ ಸ್ವಭಾವವಾದುದರಿಂದ ಹಕ್ಕಿಯು ಹಾರಿ ಮನೆಗೆ ಬರುತ್ತದೆ. ಹುಡುಗನು ಅದನ್ನೇ ಮತ್ತೆ ಮಾರುತ್ತಾನೆ. ಕೊಂಡವಳು ಸಿರಿವಂತರ ಮನೆಯ ದಯಾಳುವಾದ ಹುಡುಗಿ. ಮೋಸವು ತಿಳಿದಾಗ ಆ ದಯೆಯು ಉಳಿಯಲಿಲ್ಲ. ಕೊನೆಗೆ ಆಕೆಯ ಬೇಡಿಕೆಯ ಮೇರೆಗೆ ಅವಳ ಅಣ್ಣನು ಪಾರಿವಾಳವನ್ನು ಬಂದೂಕಿನಿಂದ ಹೊಡೆದು ಕೆಡಹುತ್ತಾನೆ. 'ಪಾರಿವಾಳವನ್ನು ಮಾರುವ ಬಾಲಕ' ಎಂದು ಓಶಿಮಾ ಅವರು ಇಟ್ಟಿದ್ದ ಹೆಸರನ್ನು ತೆಗೆದು, ಸಂಸ್ಥೆಯವರು 'ಪ್ರೇಮ ಮತ್ತು ಆಶೆಗಳ ಪಟ್ಟಣ' ಎಂಬ ಸಿಹಿಯಾದ ಹೆಸರನ್ನು ಅಂಟಿಸಿದರು. ಆ ಚಿತ್ರದಲ್ಲಿ ಪ್ರೇಮವೂ ಗೆಲ್ಲುವುದಿಲ್ಲ, ಆಶೆಯೂ ಉಳಿಯುವುದಿಲ್ಲ. ನಾಚಿಕೆಪಡುವಂತಹ ದೃಶ್ಯವೊಂದೂ ಇಲ್ಲದ ಈ ಚಿತ್ರವು ಯಜಮಾನರಿಗೆ ಏತಕ್ಕೆ ಸಹಿಸಲಿಲ್ಲ? ಬಡವನ ಮೋಸವನ್ನು ತೋರಿಸಿ ಅದಕ್ಕೆ ಪಶ್ಚಾತ್ತಾಪವನ್ನು ಕೂಡಿಸದಿದ್ದುದೇ ಅದರ ಅಪರಾಧ.

ಅನಂತರದ 1960ನೆಯ ವರ್ಷವು ನನ್ನ ವಾದಕ್ಕೆ ಪ್ರಧಾನ ಪ್ರಮಾಣ. ಆ ಜೂನ್ ತಿಂಗಳಲ್ಲಿ 'ಯೌವನದ ಕ್ರೂರಕಥೆ' ಎಂಬ ಚಿತ್ರವು ಬಂದಿತು. ದಿಕ್ಕು ತಪ್ಪಿದ ತರುಣ ತರುಣಿಯರು, ಸುಲಿಗೆ, ಹೊಡೆದಾಟ, ಕಾಮ ಎಲ್ಲವೂ ಅದರಲ್ಲಿದ್ದುವು. ಜನ ನುಗ್ಗಿ ನೋಡಿದರು. ಶೋಚಿಕು ಸಂಸ್ಥೆಯು ಕೂಡಲೆ ಇದಕ್ಕೆ 'ಹೊಸ ಅಲೆ' ಎಂಬ ಫ್ರೆಂಚ್ ಮಾದರಿಯ ಚೀಟಿಯನ್ನು ಹಚ್ಚಿ, ಬಂಡಾಯವನ್ನು ಸರಕನ್ನಾಗಿ ಮಾರತೊಡಗಿತು. ಆಗಸ್ಟ್ ತಿಂಗಳಲ್ಲಿ ಕೊಳೆಗೇರಿಯ ಜೀವನವನ್ನು ತೋರಿಸುವ 'ಸೂರ್ಯನ ಸಮಾಧಿ' ಬಂದಿತು. ಅದರಲ್ಲಿಯೂ ಹಿಂಸೆಗೆ ಕೊರತೆಯಿರಲಿಲ್ಲ. ಅದಕ್ಕೂ ತಡೆಯುಂಟಾಗಲಿಲ್ಲ. ಅಕ್ಟೋಬರ್ 9ರಂದು 'ಜಪಾನಿನ ರಾತ್ರಿ ಮತ್ತು ಮಂಜು' ಬಂದಿತು. ಇದರಲ್ಲಿ ಇರುವುದು ಒಂದು ಮದುವೆಯ ಸಮಾರಂಭ. ಅಮೆರಿಕದೊಡನೆ ಜಪಾನು ಮಾಡಿಕೊಂಡ ರಕ್ಷಣಾ ಒಪ್ಪಂದದ ವಿರುದ್ಧ ಆ ವರ್ಷವೇ ಬೀದಿಗಿಳಿದಿದ್ದ ವಧೂವರರು. ಅವರ ಹಳೆಯ ಹೊಸ ಸಂಗಾತಿಗಳು. ಮದುವೆಯ ಊಟದ ನಡುವೆ ಕರೆಯದ ಅತಿಥಿಗಳು ಬಂದು ನಿಂತು, ಚಳವಳಿಯಲ್ಲಿ ಯಾರು ಯಾರಿಗೆ ದ್ರೋಹಮಾಡಿದರು, ಪಕ್ಷದ ಮುಖಂಡರು ಯಾವ ಸುಳ್ಳನ್ನು ಹೇಳಿ ಯಾವ ತರುಣನ ಸಾವಿಗೆ ಕಾರಣರಾದರು ಎಂಬುದನ್ನು ಕೇಳುತ್ತಾರೆ. ಇಡೀ ಚಿತ್ರದಲ್ಲಿ ಐವತ್ತಕ್ಕೂ ಕಡಮೆಯ ದೃಶ್ಯಖಂಡಗಳಿವೆ. ಉಳಿದುದೆಲ್ಲ ಮಾತು, ಮಾತು. ಅಕ್ಟೋಬರ್ 12ರಂದು ಸಮಾಜವಾದಿ ಪಕ್ಷದ ನಾಯಕ ಅಸಾನುಮಾ ಅವರನ್ನು ಸಭಾವೇದಿಕೆಯ ಮೇಲೆಯೆ ಹದಿನೇಳು ವರ್ಷದ ತರುಣನೊಬ್ಬನು ಇರಿದು ಕೊಂದನು. ಚಿತ್ರವು ತೆರೆಗೆ ಬಂದ ಕೆಲವೇ ದಿನಗಳಲ್ಲಿ ಸಂಸ್ಥೆಯವರು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಜನ ಬರಲಿಲ್ಲವೆಂಬುದು ಅವರು ಕೊಟ್ಟ ಕಾರಣ. ಓಶಿಮಾ ಅವರು ಇದು ರಾಜಕೀಯದ ಕತ್ತು ಹಿಸುಕುವಿಕೆಯೆಂದು ಬಹಿರಂಗವಾಗಿ ಖಂಡಿಸಿ, ಸಂಸ್ಥೆಯನ್ನು ಬಿಟ್ಟು ಹೊರಬಂದರು.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕೆಂದು ಪ್ರಾರ್ಥಿಸುತ್ತೇನೆ. ಒಂದೇ ವರ್ಷ, ಒಬ್ಬರೇ ನಿರ್ದೇಶಕರು, ಒಂದೇ ಸಂಸ್ಥೆ, ಮೂರು ಚಿತ್ರಗಳು. ಕಾಮವೂ ಹಿಂಸೆಯೂ ತುಂಬಿದ ಎರಡನ್ನು ಮಾರಿ ಹಣಮಾಡಿದರು. ಜನರು ನಿಂತು ಮಾತಾಡುವ ಒಂದನ್ನು ಹೂಳಿದರು. ಕೆರಳಿಸುವುದೇ ಅಪರಾಧವಾಗಿದ್ದರೆ ಮೊದಲೆರಡಕ್ಕೆ ಶಿಕ್ಷೆಯಾಗಬೇಕಾಗಿತ್ತು. ಇಂದ್ರಿಯಗಳನ್ನು ಕೆರಳಿಸುವುದು ವ್ಯಾಪಾರಕ್ಕೆ ಅನುಕೂಲವೇ ಹೊರತು ವಿರೋಧವಲ್ಲ. ಲೆಕ್ಕ ಕೇಳುವುದು ಮಾತ್ರ ಯಾರಿಗೂ ಬೇಡವಾಗಿತ್ತು. ಓಶಿಮಾ ಅವರನ್ನು 'ಕೆರಳಿಸುವ ವೀರ'ರೆಂದು ಕೊಂಡಾಡುವ ನಮ್ಮ ನವೀನರು ಶೋಚಿಕು ಸಂಸ್ಥೆಯ ಜಾಹೀರಾತನ್ನು ಅರುವತ್ತು ವರ್ಷಗಳ ಮೇಲೆಯೂ ಬಾಯಿಪಾಠ ಒಪ್ಪಿಸುತ್ತಿರುವರಲ್ಲದೆ ಬೇರೆಯಲ್ಲ.

ಈ ಲೆಕ್ಕವು ಎಂಥದು? 1963ರಲ್ಲಿ ದೂರದರ್ಶನಕ್ಕೆಂದು ಓಶಿಮಾ ಅವರು 'ಮರೆತುಹೋದ ಚಕ್ರವರ್ತಿಯ ಸೇನೆ' ಎಂಬ ಕಿರುಚಿತ್ರವನ್ನು ತಯಾರಿಸಿದರು. ಕೊರಿಯಾ ದೇಶವು ಜಪಾನಿನ ವಶದಲ್ಲಿದ್ದಾಗ ಅಲ್ಲಿಯ ಜನರನ್ನು ಚಕ್ರವರ್ತಿಯ ಸೈನಿಕರನ್ನಾಗಿ ಯುದ್ಧಕ್ಕೆ ಕಳುಹಿಸಿದರು. ಕೈ ಹೋದವರು, ಕಾಲು ಹೋದವರು, ಕಣ್ಣು ಹೋದವರು ಬಹು ಮಂದಿ. ಯುದ್ಧವು ಮುಗಿದು 1952ರಲ್ಲಿ ಜಪಾನು ಮತ್ತೆ ಸ್ವತಂತ್ರವಾದಾಗ ಇವರು ಜಪಾನಿನ ಪ್ರಜೆಗಳಲ್ಲವೆಂದಾಯಿತು. ಅಂಗಹೀನರಾದ ಜಪಾನೀ ಸೈನಿಕರಿಗೆ ವೇತನ ದೊರೆಯಿತು, ಇವರಿಗೆ ಇಲ್ಲ. ಜಪಾನೀ ಸರ್ಕಾರವು ನೀವು ಕೊರಿಯದವರೆಂದಿತು. ಕೊರಿಯದ ಪ್ರತಿನಿಧಿಗಳು ನಿಮ್ಮ ಗಾಯಕ್ಕೆ ಜಪಾನೇ ಹೊಣೆಯೆಂದರು. ಇವರು ಬಿಳಿಯ ಅಂಗಿಯನ್ನು ತೊಟ್ಟು, ಧ್ವಜವನ್ನು ಹಿಡಿದು, ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುವುದನ್ನು ಚಿತ್ರವು ಹಿಂಬಾಲಿಸುತ್ತದೆ. ಕಣ್ಣುಗಳನ್ನು ಕಳೆದುಕೊಂಡವನೊಬ್ಬನು ಕಪ್ಪು ಕನ್ನಡಕವನ್ನು ತೆಗೆದಾಗ ಆ ಬರಿದಾದ ಕುಳಿಗಳಿಂದ ನೀರಿಳಿಯುವುದನ್ನು ಯಂತ್ರವು ಮುಖವನ್ನು ತಿರುಗಿಸದೆ ನೋಡುತ್ತದೆ. ಕೊನೆಗೆ ಧ್ವನಿಯೊಂದು ನೋಡುವವರನ್ನೇ, ಜಪಾನೀಯರನ್ನೇ, ಇದು ಹೀಗೆಯೆ ಇರಬಹುದೇ ಎಂದು ಕೇಳುತ್ತದೆ.

ಇಲ್ಲಿ ನಮ್ಮ ಆಲಂಕಾರಿಕರನ್ನು ಸ್ಮರಿಸುವುದು ಅಪ್ರಾಸಂಗಿಕವಾಗಲಾರದು. ಅಶ್ಲೀಲ, ಅಶ್ಲೀಲ ಎಂದು ಕೂಗುವವರು ಆ ಮಾತು ಶಾಸ್ತ್ರದಲ್ಲಿ ಯಾವ ಅರ್ಥದಲ್ಲಿ ಬಂದಿದೆಯೆಂದು ನೋಡಿದ್ದರೆ ಚೆನ್ನಾಗಿತ್ತು. ಪಾಠಶಾಲೆಯಲ್ಲಿ ಕಾವ್ಯಪ್ರಕಾಶವನ್ನು ಓದಿದ ಯಾವನಿಗಾದರೂ ತಿಳಿದಿರುವಂತೆ ಅಶ್ಲೀಲವು ಮೂರು ವಿಧ. ನಾಚಿಕೆಯನ್ನುಂಟುಮಾಡುವುದು ಒಂದು, ಜುಗುಪ್ಸೆಯನ್ನುಂಟುಮಾಡುವುದು ಇನ್ನೊಂದು, ಅಮಂಗಳವನ್ನು ಸೂಚಿಸುವುದು ಮತ್ತೊಂದು. ನಮ್ಮ ಕಾಲದ ಸಭ್ಯರು ಮೊದಲನೆಯದನ್ನು ಮಾತ್ರ ಬಲ್ಲರು. ಹಸಿವು, ಗಾಯ, ಕೊಲೆ ಇವೆಲ್ಲ ಅವರ ಪತ್ರಿಕೆಗಳಲ್ಲಿ ಬೆಳಗಿನ ಕಾಫಿಯೊಡನೆ ಯಾವ ಸಂಕೋಚವೂ ಇಲ್ಲದೆ ಸಾಗುತ್ತವೆ. ಇಷ್ಟೇ ಅಲ್ಲ. ಅದೇ ಮಮ್ಮಟನು ಆ ದೋಷವು ಕೆಲವು ಪ್ರಸಂಗಗಳಲ್ಲಿ ದೋಷವೇ ಆಗುವುದಿಲ್ಲವೆಂದೂ, ವೈರಾಗ್ಯವನ್ನು ಬೋಧಿಸುವ ಮಾತಿನಲ್ಲಿ ಗುಣವೇ ಆಗುವುದೆಂದೂ ಹೇಳುತ್ತಾನೆ. ದೇಹದ ಹೇಯತೆಯನ್ನು ತೋರಿಸದೆ ವೈರಾಗ್ಯವನ್ನು ಹೇಳುವುದು ಹೇಗೆ? ಯುದ್ಧದ ಹೇಯತೆಯನ್ನು ತೋರಿಸದೆ ಯುದ್ಧದ ಋಣವನ್ನು ಹೇಳುವುದು ಹೇಗೆ? ಆ ಕುರುಡನ ಕಣ್ಣಿನ ಕುಳಿಯು ಜುಗುಪ್ಸೆಯನ್ನು ತರುವುದು ನಿಜ. ಆದರೆ ಅದನ್ನು ಮುಚ್ಚಿದ್ದ ಕನ್ನಡಕವು ಯಾರ ಮಾನವನ್ನು ಕಾಯುತ್ತಿತ್ತು?

ಇನ್ನು ಮೂರನೆಯದಾದ ಅಮಂಗಳಕ್ಕೆ ಬರೋಣ. 1968ರ 'ಗಲ್ಲಿನಿಂದ ಮರಣ' ಎಂಬ ಚಿತ್ರವು ನನ್ನ ಮತಿಗೆ ಓಶಿಮಾ ಅವರ ಕೃತಿಗಳಲ್ಲಿ ಶಿರೋಮಣಿ. 1958ರಲ್ಲಿ ಜಪಾನಿನಲ್ಲಿಯೆ ಹುಟ್ಟಿ ಬೆಳೆದ ಕೊರಿಯದ ತರುಣನೊಬ್ಬನು ಕೊಲೆಯ ಅಪರಾಧಕ್ಕೆ ಸಿಕ್ಕಿ 1962ರಲ್ಲಿ ಗಲ್ಲಿಗೇರಿದ ನಿಜವಾದ ಸಂಗತಿಯು ಇದಕ್ಕೆ ಮೂಲ. ದೊಡ್ಡ ಸಂಸ್ಥೆಗಳ ಹಂಗಿಲ್ಲದೆ, ಸುಮಾರು 1 ಕೋಟಿ ಯೆನ್ ಎಂಬ ಆ ಕಾಲಕ್ಕೆ ಅಲ್ಪವಾದ ಮೊತ್ತದಲ್ಲಿ ಇದು ತಯಾರಾಯಿತು. ಮರಣದಂಡನೆಯನ್ನು ತೆಗೆಯಬಾರದೆನ್ನುವವರು ಆ ಮನೆಯನ್ನು ಒಮ್ಮೆಯಾದರೂ ನೋಡಿರುವರೇ ಎಂದು ಕೇಳುತ್ತಲೇ ಚಿತ್ರವು ತೊಡಗುತ್ತದೆ. ಅನಂತರ ಗಲ್ಲಿನ ಮನೆಯ ಒಂದೊಂದು ಕೋಣೆಯನ್ನೂ, ಹಗ್ಗವನ್ನೂ, ಕೆಳಗೆ ತೆರೆದುಕೊಳ್ಳುವ ನೆಲವನ್ನೂ, ಶಿಲ್ಪಿಯೊಬ್ಬನು ಹೊಸ ಮನೆಯನ್ನು ತೋರಿಸುವಷ್ಟು ಸಾವಧಾನದಿಂದ ತೋರಿಸುತ್ತದೆ. 'ಆರ್' ಎಂಬ ಒಂದೇ ಅಕ್ಷರದ ಹೆಸರಿನ ಅಪರಾಧಿಯನ್ನು ನೇಣು ಹಾಕುತ್ತಾರೆ. ಅವನ ದೇಹವು ಸಾಯಲೊಲ್ಲದು. ಉಸಿರಾಡುತ್ತದೆ, ಆದರೆ ಸ್ಮೃತಿಯು ಅಳಿದುಹೋಗಿದೆ. ತಾನು ಯಾರೆಂದೂ ಏನು ಮಾಡಿದೆನೆಂದೂ ಅರಿಯದವನನ್ನು ಗಲ್ಲಿಗೇರಿಸಬಹುದೇ? ಸಲ್ಲದು. ಹಾಗಾದರೆ ಮೊದಲು ಅವನಿಗೆ ಅಪರಾಧವನ್ನು ನೆನಪಿಗೆ ತರಬೇಕು. ನೆನಪಾದ ಮೇಲೆ ಕೊಲ್ಲಬೇಕು. ಹೀಗೆಂದು ಬಂದೀಖಾನೆಯ ಅಧಿಕಾರಿಗಳೂ, ವೈದ್ಯರೂ, ಶಿಕ್ಷಣಾಧಿಕಾರಿಯೂ ಸೇರಿ ಅವನ ಅಪರಾಧವನ್ನು ತಾವೇ ನಾಟಕವಾಗಿ ಆಡಿ ತೋರಿಸುತ್ತಾರೆ. ಪಾದ್ರಿಯು ಪಕ್ಕದಲ್ಲಿ ತಳಮಳಿಸುತ್ತಾನೆ. ಸರ್ಕಾರಿ ಅಭಿಯೋಜಕನು ಕುಳಿತು ಮೌನವಾಗಿ ನೋಡುತ್ತಾನೆ. ಕೊರಿಯದವರೆಂದರೆ ಹೀಗೆ ಬದುಕುವರು, ಹೀಗೆ ಜಗಳವಾಡುವರು ಎಂದು ಅಧಿಕಾರಿಗಳು ಅಭಿನಯಿಸುವಾಗ ನಮಗೆ ನಗು ಬರುತ್ತದೆ. ಆ ಅಭಿನಯದಲ್ಲಿ ಮೈಮರೆತ ಶಿಕ್ಷಣಾಧಿಕಾರಿಯ ಕೈಗಳು ನಿಜವಾಗಿಯೂ ಒಂದು ಕುತ್ತಿಗೆಯನ್ನು ಬಿಗಿಯುವಾಗ ಆ ನಗು ಗಂಟಲಲ್ಲಿಯೆ ನಿಲ್ಲುತ್ತದೆ. ಕೊಲೆಗಾರನನ್ನು ಹುಡುಕಹೊರಟವರಿಗೆ ಕೊಲೆಯು ಎಷ್ಟು ಸುಲಭವಾಗಿ ಬಂದಿತೆಂಬುದನ್ನು ಚಿತ್ರವು ಮಾತಿಲ್ಲದೆ ತೋರಿಸಿಬಿಡುತ್ತದೆ.

ಕೊನೆಯಲ್ಲಿ ಅವನನ್ನು ಮತ್ತೆ ಗಲ್ಲಿಗೇರಿಸುತ್ತಾರೆ. ನೆಲವು ತೆರೆಯುತ್ತದೆ, ಹಗ್ಗದ ಕುಣಿಕೆಯು ಬರಿದಾಗಿದೆ. ಅಧಿಕಾರಿಗಳು ಪರಸ್ಪರ ವಂದನೆಗಳನ್ನು ಅರ್ಪಿಸುತ್ತಾರೆ. ಆಮೇಲೆ ಆ ಧ್ವನಿಯು ನೋಡುತ್ತಿರುವ ನಮಗೂ ವಂದನೆಯನ್ನು ಹೇಳುತ್ತದೆ. ಇದು ಚಮತ್ಕಾರಕ್ಕಾಗಿ ಹೇಳಿದ ಮಾತೆಂದು ಕೆಲವರು ತಿಳಿದಿರುವರು. ಧರ್ಮಶಾಸ್ತ್ರವನ್ನು ಬಲ್ಲವರಿಗೆ ಹಾಗೆ ತೋರಲಾರದು. ನ್ಯಾಯಸಭೆಯಲ್ಲಿ ಅಧರ್ಮವು ನಡೆದಾಗ ಅದರ ಪಾಪವು ನಾಲ್ಕು ಪಾಲಾಗಿ, ಒಂದು ಮಾಡಿದವನಿಗೂ, ಒಂದು ಸಾಕ್ಷಿಗೂ, ಒಂದು ಸಭಾಸದರಿಗೂ, ಒಂದು ರಾಜನಿಗೂ ಸೇರುವುದೆಂದು ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಹೇಳಿದೆ. ಓಶಿಮಾ ಅವರು ಮನುವನ್ನು ಓದಿದ್ದರೆಂದು ನಾನು ಹೇಳುವುದಿಲ್ಲ. ಆದರೆ ಅವರ ಚಿತ್ರದ ಲೆಕ್ಕವು ಇದೇ. ಮಾಡಿದವನ ಪಾಲನ್ನು ಅವರು ಅಲ್ಲಗಳೆಯುವುದಿಲ್ಲ. 'ಆರ್' ಎಂಬವನು ನಿರ್ದೋಷಿಯೆಂದು ಅವರು ಎಲ್ಲಿಯೂ ಹೇಳಿಲ್ಲ. ಉಳಿದ ಮೂರು ಪಾಲುಗಳು ಯಾರಿಗೆ ಸಂದುವು ಎಂದು ಮಾತ್ರ ಅವರು ಕೇಳುತ್ತಾರೆ. ದೊರೆಯ ಪಾಲನ್ನು ದೊರೆಯೂ, ಸಭೆಯ ಪಾಲನ್ನು ಸಭೆಯೂ ತೆಗೆದುಕೊಳ್ಳಲಿ. ಟಿಕೆಟ್ಟು ಕೊಂಡು ಕತ್ತಲಲ್ಲಿ ಕುಳಿತು ನೋಡಿದ ಸಾಕ್ಷಿಯ ಪಾಲು ನಮ್ಮದು. ಆ ವಂದನೆಯ ಅರ್ಥ ಇದು.

ಜಪಾನಿನಲ್ಲಿ ಇಂದಿಗೂ ಮರಣದಂಡನೆಯಿದೆ. ಅದು ಇಂದಿಗೂ ಗಲ್ಲಿನಿಂದಲೆ ನಡೆಯುತ್ತದೆ. ಯಾವ ದಿನ ಸಾಯಬೇಕೆಂಬುದು ಸಾಯುವವನಿಗೆ ಆ ದಿನದ ಬೆಳಗಿನವರೆಗೆ ತಿಳಿಸದಿರುವುದು ಅಲ್ಲಿಯ ಪದ್ಧತಿ. ನಮ್ಮ ದೇಶದ ಶಾಸನದಲ್ಲಿಯೂ ಗಲ್ಲು ಇರುವುದರಿಂದ ಇದು ಪರದೇಶದ ಮಾತೆಂದು ನಾವು ಪಕ್ಕಕ್ಕೆ ಸರಿಸುವಂತಿಲ್ಲ. ಮರಣದಂಡನೆಯು ಇರಬೇಕೆನ್ನುವವರು ಇರಬಹುದು. ಅವರೊಡನೆ ಈ ಲೇಖನದಲ್ಲಿ ನಾನು ವಾದಕ್ಕಿಳಿಯುವುದಿಲ್ಲ. ಆದರೆ ಇರಬೇಕೆನ್ನುವವರು ನೋಡಿ ಹೇಳಲಿ, ನೋಡದೆ ಹೇಳದಿರಲಿ. ಆ ಮನೆಯ ಬಾಗಿಲನ್ನು ತೆರೆದು ತೋರಿಸಿದ ಚಿತ್ರವನ್ನು ಬಿಟ್ಟು, ಅದನ್ನು ತೆಗೆದವರ ಇನ್ನೊಂದು ಚಿತ್ರದ ಹಾಸಿಗೆಯನ್ನು ಕುರಿತು ಅರ್ಧ ಶತಮಾನ ಹರಟುವುದು ಸಭ್ಯತೆಯೆ?

1969ರ 'ಬಾಲಕ' ಎಂಬ ಚಿತ್ರವನ್ನೂ ಇಲ್ಲಿ ಹೇಳಲೇಬೇಕು. ಓಡುವ ಕಾರುಗಳಿಗೆ ಬೇಕೆಂದೇ ಮೈಯೊಡ್ಡಿ, ಗಾಯವಾಯಿತೆಂದು ಕೂಗಾಡಿ, ಕಾರಿನವರಿಂದ ಹಣ ಕೀಳುವ ಸಂಸಾರವೊಂದರ ಸುದ್ದಿ 1966ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಯುದ್ಧದ ಗಾಯವನ್ನು ನೆಪವಾಗಿ ಹೇಳಿಕೊಂಡು ದುಡಿಯದ ತಂದೆ, ಮಲತಾಯಿ, ಹತ್ತು ವರ್ಷದ ಹುಡುಗ, ಪುಟ್ಟ ತಮ್ಮ. ಮೊದಲು ಮಲತಾಯಿ ಬೀಳುತ್ತಿದ್ದಳು; ಆಮೇಲೆ ಹುಡುಗನೇ ಬೀಳಬೇಕಾಯಿತು. ಊರಿಂದೂರಿಗೆ ಓಡುತ್ತ ದೇಶದ ಉತ್ತರದ ತುದಿಯನ್ನು ಮುಟ್ಟುತ್ತಾರೆ, ಮುಂದೆ ನೆಲವಿಲ್ಲ. ಹಿಮದಲ್ಲಿ ಹುಡುಗನು ಬೊಂಬೆಯೊಂದನ್ನು ಕಟ್ಟಿ, ದೂರದ ನಕ್ಷತ್ರಲೋಕದಿಂದ ಬಂದು ದುಷ್ಟರಿಂದ ಕಾಪಾಡುವವನು ಇವನೇ ಎಂದು ತಮ್ಮನಿಗೆ ಹೇಳಿ, ಬಳಿಕ ತನ್ನ ಕೈಯಿಂದಲೆ ಅದನ್ನು ಗುದ್ದಿ ಕೆಡಹುತ್ತಾನೆ. ಹುಡುಗನ ಪಾತ್ರವನ್ನು ವಹಿಸಿದವನು ಅನಾಥಾಲಯದಲ್ಲಿ ಬೆಳೆದ ಬಾಲಕನೆಂಬುದನ್ನು ತಿಳಿದ ಮೇಲೆ ಆ ನೋಟವನ್ನು ಸಹಿಸುವುದು ಇನ್ನೂ ಕಷ್ಟ. ಈ ಚಿತ್ರದಲ್ಲಿ ಯಾವ ಮನೆಯವರಾದರೂ ಕಣ್ಣು ಮುಚ್ಚಬೇಕಾದ ದೃಶ್ಯವಿಲ್ಲ. ತಂದೆತಾಯಿಗಳ ಆಜ್ಞೆ, ಮಕ್ಕಳ ವಿಧೇಯತೆ, ಕುಟುಂಬದ ಐಕ್ಯ ಎಂದು ನಾವು ಶಾಲೆಗಳಲ್ಲಿ ಬೋಧಿಸಿದ ಒಳ್ಳೆಯ ಮಾತುಗಳೆಲ್ಲ ಆ ಸಂಸಾರದಲ್ಲಿಯೂ ಇದ್ದುವು. ವಿಧೇಯತೆಯು ಯಾರಿಗೆ, ಏತಕ್ಕೆ ಎಂದು ಕೇಳದೆ ಅದನ್ನು ಬರಿದೆ ಬೋಧಿಸಿದರೆ ಏನಾಗುವುದೆಂಬುದಕ್ಕೆ ಈ ಚಿತ್ರಕ್ಕಿಂತ ಹೆಚ್ಚಿನ ಪಾಠವನ್ನು ಉಪಾಧ್ಯಾಯವರ್ಗವು ಎಲ್ಲಿಯೂ ಪಡೆಯಲಾರದು.

ಈಗ ವಿವಾದದ ಚಿತ್ರಕ್ಕೆ ಬರೋಣ. ಅದನ್ನು ತಪ್ಪಿಸಿಕೊಂಡು ಹೋಗುವುದು ವಾದಿಗೆ ಶೋಭಿಸದು. 'ಇಂದ್ರಿಯಗಳ ಸಾಮ್ರಾಜ್ಯ'ವೆಂದು ಲೋಕಪ್ರಸಿದ್ಧವಾದ 1976ರ ಚಿತ್ರವು, 1936ರಲ್ಲಿ ಟೋಕಿಯೋ ನಗರದಲ್ಲಿ ಹೆಂಗಸೊಬ್ಬಳು ತನ್ನ ಪ್ರಿಯನನ್ನು ಕೊಂದ ಸಂಗತಿಯನ್ನು ಆಧರಿಸಿದೆ. ಜಪಾನಿನ ಶಾಸನವು ಇಂತಹ ಚಿತ್ರವನ್ನು ಅಲ್ಲಿ ಸಿದ್ಧಪಡಿಸಲು ಬಿಡದಾದ ಕಾರಣ ಫ್ರಾನ್ಸಿನ ನಿರ್ಮಾಪಕರ ನೆರವಿನಿಂದ ಫಿಲ್ಮನ್ನು ತರಿಸಿ, ಕ್ಯೋತೋದಲ್ಲಿ ಚಿತ್ರೀಕರಿಸಿ, ಸಂಸ್ಕರಿಸದೆಯೆ ಫ್ರಾನ್ಸಿಗೆ ಕಳುಹಿಸಿ, ಅಲ್ಲಿ ಪೂರ್ತಿಗೊಳಿಸಿದರು. ಸ್ವದೇಶದಲ್ಲಿ ಅದು ಪರದೇಶದ ಸರಕಿನಂತೆ ಸುಂಕದ ಕಟ್ಟೆಯನ್ನು ಹಾಯ್ದು, ಅಲ್ಲಲ್ಲಿ ಮಸಕುಗೊಂಡು ತೆರೆಗೆ ಬಂದಿತು. ಚಿತ್ರಕಥೆಯನ್ನೂ ಕೆಲವು ಛಾಯಾಚಿತ್ರಗಳನ್ನೂ ಮುದ್ರಿಸಿದ ಪುಸ್ತಕದ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ಇದು ಕಲೆ, ಆದುದರಿಂದ ಅಶ್ಲೀಲವಲ್ಲವೆಂಬ ಸುಲಭವಾದ ಸಮಾಧಾನವನ್ನು ಓಶಿಮಾ ಅವರು ಹೇಳಲಿಲ್ಲ. ಅಶ್ಲೀಲವಾದರೆ ತಪ್ಪೇನು, ಅದರಿಂದ ಯಾರಿಗೆ ಕೇಡಾಯಿತೆಂಬುದನ್ನು ಪ್ರಭುತ್ವವೇ ಹೇಳಲಿ ಎಂದು ಮರುಪ್ರಶ್ನೆ ಹಾಕಿದರು. 1979ರಲ್ಲಿ ಟೋಕಿಯೋದ ಜಿಲ್ಲಾ ನ್ಯಾಯಾಲಯವೂ 1982ರಲ್ಲಿ ಉಚ್ಚ ನ್ಯಾಯಾಲಯವೂ ಅವರನ್ನು ದೋಷಮುಕ್ತರೆಂದುವು.

ಈ ಚಿತ್ರವನ್ನು ಮನೆಮಂದಿಯೆಲ್ಲ ಕೂಡಿ ನೋಡಬೇಕೆಂದು ನಾನು ಹೇಳುವುದಿಲ್ಲ. ವಯಸ್ಕರಾದವರಲ್ಲಿಯೂ ಎಲ್ಲರಿಗೂ ಅದು ಹಿಡಿಸಬೇಕಾಗಿಲ್ಲ. ಒಂದೇ ಕೋಣೆಯಲ್ಲಿ ಸುತ್ತುವ ಆ ಕಥೆಯು ನಡುನಡುವೆ ಬೇಸರವನ್ನು ತರುವುದೆಂಬ ಆಕ್ಷೇಪವನ್ನೂ ಒಪ್ಪುತ್ತೇನೆ. ಆದರೆ ತೆಗಳುವವರೂ ಹೊಗಳುವವರೂ ಸಮಾನವಾಗಿ ಮರೆಯುವ ಒಂದು ದೃಶ್ಯವು ಅದರಲ್ಲಿದೆ. ಬೀದಿಯಲ್ಲಿ ಸೈನಿಕರ ಸಾಲು ನಡೆದುಬರುತ್ತದೆ. ಜನರು ಬಾವುಟಗಳನ್ನು ಬೀಸುತ್ತಾರೆ. ಆ ಪ್ರಿಯನು ತಲೆ ತಗ್ಗಿಸಿ, ಗೋಡೆಯನ್ನು ಒತ್ತಿ, ಸೈನ್ಯಕ್ಕೆ ಎದುರು ದಿಕ್ಕಿನಲ್ಲಿ ಒಬ್ಬನೇ ನಡೆದುಹೋಗುತ್ತಾನೆ. ಅದೇ ವರ್ಷದ ಫೆಬ್ರವರಿಯಲ್ಲಿ ಸೈನಿಕ ಅಧಿಕಾರಿಗಳು ದಂಗೆಯೆದ್ದು ಮಂತ್ರಿಗಳನ್ನು ಕೊಂದಿದ್ದರು; ಮರುವರ್ಷ ಚೀನದ ಮೇಲೆ ಯುದ್ಧವು ಪ್ರಾರಂಭವಾಯಿತು. ಕೋಣೆಯೊಳಗೆ ಇಬ್ಬರು ಸಾವಿನ ಕಡೆಗೆ ಸಾಗುತ್ತಿದ್ದರು. ಹೊರಗೆ ಒಂದು ದೇಶವೇ ಸಾಗುತ್ತಿತ್ತು. ಇವೆರಡರಲ್ಲಿ ಯಾವುದು ಅಮಂಗಳ? ಕೋಣೆಯ ಬಾಗಿಲನ್ನು ಮಸಕುಮಾಡಿದ ಅಧಿಕಾರಿಗಳು ಬೀದಿಯ ಬಾವುಟಗಳನ್ನು ಮಸಕುಮಾಡಲಿಲ್ಲ.

ಓಶಿಮಾ ಅವರ ಎಲ್ಲ ಕೃತಿಗಳೂ ಸಮಾನವೆಂದು ಸಾಧಿಸಹೊರಟವನು ನಾನಲ್ಲ. 1986ರಲ್ಲಿ ಫ್ರಾನ್ಸಿನಲ್ಲಿ ತೆಗೆದ 'ಮ್ಯಾಕ್ಸ್' ಚಿತ್ರದಲ್ಲಿ ರಾಯಭಾರಿ ಕಚೇರಿಯ ಅಧಿಕಾರಿಯೊಬ್ಬನ ಹೆಂಡತಿಗೂ ಒಂದು ಚಿಂಪಾಂಜಿಗೂ ಅನುರಾಗವುಂಟಾಗುತ್ತದೆ. ಇಲ್ಲಿ ಬೆಚ್ಚಿಬೀಳಿಸುವ ವಸ್ತುವುಂಟು. ಬೆಚ್ಚಿದ ಮೇಲೆ ಎದುರಿಸಬೇಕಾದ ಪ್ರಶ್ನೆಯಿಲ್ಲ. ಆದುದರಿಂದಲೆ ಅದು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಅದೇ ದಶಕದಲ್ಲಿ ಅವರು ದೂರದರ್ಶನದ ಚರ್ಚೆಗಳಲ್ಲಿ ಕುಳಿತು, ಎದುರಿನವರನ್ನು ಮೂರ್ಖರೆಂದು ಗದರಿಸುವುದಕ್ಕೆ ಹೆಸರಾದರು; ಜನರು ಆ ಗದರಿಕೆಯನ್ನು ಕೇಳಿ ನಕ್ಕು ಮಲಗಿದರು. ಕೋಪವನ್ನು ವಿನೋದವಾಗಿ ಅರಗಿಸಿಕೊಳ್ಳುವ ಶಕ್ತಿಯು ಸಮಾಜಕ್ಕೆ ಎಷ್ಟಿರುವುದೆಂಬುದಕ್ಕೆ ಇದು ಸಾಕ್ಷಿ. ಕೆರಳಿಸುವುದೇ ಕಲೆಯೆನ್ನುವ ಮಿತ್ರರು ಈ ಎರಡನ್ನೂ ಅವರ ಶ್ರೇಷ್ಠ ಸಾಧನೆಗಳೆಂದು ಒಪ್ಪಬೇಕಾಗುವುದು. ಅವರೂ ಒಪ್ಪಲಾರರೆಂದು ನಂಬಿದ್ದೇನೆ.

ಇವುಗಳ ಪಕ್ಕದಲ್ಲಿ 1983ರ 'ಮೆರಿ ಕ್ರಿಸ್‌ಮಸ್, ಮಿಸ್ಟರ್ ಲಾರೆನ್ಸ್' ಎಂಬುದನ್ನಿಟ್ಟು ನೋಡಿ. 1942ರಲ್ಲಿ ಜಾವಾ ದ್ವೀಪದ ಯುದ್ಧಕೈದಿಗಳ ಶಿಬಿರದಲ್ಲಿ ನಡೆಯುವ ಈ ಕಥೆಯು ತೊಡಗುವುದೇ ಕೊರಿಯದ ಕಾವಲುಗಾರನೊಬ್ಬನ ಶಿಕ್ಷೆಯಿಂದ. ಇಪ್ಪತ್ತು ವರ್ಷಗಳ ಹಿಂದಿನ ಋಣವನ್ನು ಓಶಿಮಾ ಅವರು ಮರೆತಿರಲಿಲ್ಲ. ಕೊನೆಯಲ್ಲಿ ಯುದ್ಧವನ್ನು ಗೆದ್ದವರು ಹಾರಾ ಎಂಬ ಜಪಾನೀ ಸೈನಿಕನಿಗೆ ಮರಣದಂಡನೆಯನ್ನು ವಿಧಿಸಿದ್ದಾರೆ. ಹಿಂದಿನ ದಿನ ಅವನ ಹಳೆಯ ಕೈದಿಯಾದ ಲಾರೆನ್ಸನು ನೋಡಲು ಬರುತ್ತಾನೆ. ಹೊಡೆದವನು, ಹೊಡೆಸಿಕೊಂಡವನು, ಇಬ್ಬರೂ ಸಾವಧಾನವಾಗಿ ಮಾತಾಡುತ್ತಾರೆ. ತಾವೇ ಧರ್ಮದ ಪಕ್ಷವೆಂದು ಮೊದಲು ನಂಬಿದವರು ಸೋತರು. ಅದನ್ನೇ ನಂಬಿದ ಗೆದ್ದವರು ಈಗ ಹಗ್ಗವನ್ನು ಹಿಡಿದಿದ್ದಾರೆ. 1968ರಲ್ಲಿ ಸ್ವದೇಶದ ಪ್ರಭುತ್ವವನ್ನು ಕೇಳಿದ ಪ್ರಶ್ನೆಯನ್ನು ಇಲ್ಲಿ ಲೋಕವನ್ನೇ ಕೇಳಿದ್ದಾರೆ. ಚಿತ್ರದಲ್ಲಿ ಕೂಗಾಟವಿಲ್ಲ, ಹಾರಾನ ನಗುಮುಖವೊಂದೇ ಸಾಕಾಗಿದೆ.

ಆದುದರಿಂದ ಓಶಿಮಾ ಅವರ ವಿಷಯದಲ್ಲಿ ನಮ್ಮ ವಿದ್ಯಾವಂತ ಮನೆಗಳಲ್ಲಿ ಮಾತು ಬಂದಾಗ ಎರಡು ಪಕ್ಷದವರನ್ನೂ ಒಂದೇ ಪ್ರಶ್ನೆ ಕೇಳಬೇಕೆಂದು ವಾಚಕರಲ್ಲಿ ನನ್ನ ವಿಜ್ಞಾಪನೆ: ನೀವು ನೋಡಿದುದು ಯಾವುದು? ಅಶ್ಲೀಲವೆಂದು ಮಕ್ಕಳನ್ನು ತಡೆಯುವ ಹಿರಿಯರು, ಗಲ್ಲಿನ ಮನೆಯನ್ನೂ ಕುರುಡನ ಕನ್ನಡಕವನ್ನೂ ನೋಡಿದ ಮೇಲೆ ಆ ಮಾತನ್ನು ಮತ್ತೆ ಆಡಲಿ. ಕಟ್ಟುಗಳನ್ನು ಹರಿದ ವೀರರೆಂದು ಹಾಡುವ ಕಿರಿಯರು, ಯಜಮಾನರು ಯಾವ ಚಿತ್ರವನ್ನು ಮಾರಿದರು, ಯಾವುದನ್ನು ಹೂಳಿದರು ಎಂಬುದನ್ನು ವಿಚಾರಿಸಿದ ಮೇಲೆ ಹಾಡಲಿ. ನಮ್ಮ ಸಾಹಿತ್ಯಸಂಘಗಳು ಪರದೇಶದ ಚಿತ್ರಗಳನ್ನು ತರಿಸಿ ತೋರಿಸುವ ಸಂದರ್ಭವೊದಗಿದರೆ ಮೊದಲು 'ಬಾಲಕ'ನನ್ನು ತೋರಿಸಲಿ. ಆ ಸಭೆಗೆ ತಾಯಿತಂದೆಗಳೂ ಉಪಾಧ್ಯಾಯರೂ ಬರಲಿ. ಎರಡನೆಯದಾಗಿ 'ಗಲ್ಲಿನಿಂದ ಮರಣ'ವನ್ನು ತೋರಿಸಲಿ. ಅದಕ್ಕೆ ವಕೀಲರೂ ಬರಲಿ. ಉಳಿದುದನ್ನು ಕುರಿತು ಆಮೇಲೆ ಜಗಳವಾಡೋಣ. ಅಷ್ಟರಲ್ಲಿ ಸಾಕ್ಷಿಯ ಪಾಲು ನಮ್ಮ ತಲೆಯ ಮೇಲೆ ಬಂದಿರುವುದರಿಂದ ಆ ಜಗಳವು ಈಗಿನಷ್ಟು ಹಗುರವಾಗಿರಲಾರದು.